ಉಕ್ಕಿನ ಗುಂಡು

ವೆಲಿಂಗ್ಟನ್ನಿನ ಸ್ಟುಡಿಯೊ. ರಾತ್ರಿ ಎರಡು ಗಂಟೆ.
ಹಿನೆವಾಯ್ ಕಟ್ಟಿದ ಹಿತ್ತಾಳೆ ಕೆಟಲಿಗೆ
ಹೊಳಪೇನೋ ಬಂತು;
ಎದುರು ನಿಲ್ಲಲು ಯಾವ ಜಗತ್ತೂ ಇಲ್ಲ.

ಇಲ್ಲಿ ಬೆಳಕು ಹಿಂದುಮುಂದು:
ಕಣ್ಣಿಂದ ಹೊರಟ ಕಿರಣ ಕೆಟಲಿಗೆ ಬಡಿದು
ಬಿದ್ದ ಕೋನದಲ್ಲೇ ಎದ್ದು
ದೀಪ ಹುಡುಕಿಕೊಂಡು ಹೋಗುತ್ತದೆ,
ಗೋಡೆಯ ಕೆಂಪು ಒಂದಿಷ್ಟು ಮೈಗಂಟಿಸಿಕೊಂಡು.

ಜಗತ್ತು ಸಿಕ್ಕಿದ್ದು ಒಂದು ಫೋಟೊದಲ್ಲಿ:
ಕಾಯ್ಕೋರಾ ಕಡಲತಡಿ, ಕನ್ನಡಿಯಂಥ ಉಕ್ಕಿನ ಗುಂಡು,
ಗುಂಡಿನೊಳಗೆ ಬಾಗಿದ ಇಡೀ ಆಕಾಶ,
ನಟ್ಟನಡುವೆ ಕ್ಯಾಮೆರಾ ಹಿಡಿದ ರಾಪಾಟಾ,
ಗಾಳಿಗೆ ಉಬ್ಬಿದ ಹಳದಿ ರೇನ್‌ಕೋಟು.

ಅವನನ್ನು ಅಳಿಸುವುದು ಪದ್ಧತಿ.
ಮುಖ ಅಳಿಸಿದಳು. ಕೈ. ಕ್ಯಾಮೆರಾ.
ರೇನ್‌ಕೋಟು ಹೋದದ್ದೇ
ಕೆಟಲ್ ತಣ್ಣಗಾಯಿತು.

ಮತ್ತೆ ತಂದಳು, ಅದೊಂದನ್ನೇ.

ಬೆಳಗ್ಗೆ ನಿರ್ದೇಶಕ ಬಗ್ಗಿ ನೋಡಿ ಕೇಳಿದ:
“ಒಲೆ ಎಲ್ಲಿಟ್ಟಿದ್ದೀ?”