ಹದಿನಾರೂವರೆ ಮೈಕ್ರಾನ್

ಉಲಾನ್‌ಬಾತರಿನಲ್ಲಿ ಡಿಸೆಂಬರಿನ ರಾತ್ರಿ
ಕಿಟಕಿಯ ಒಳಮೈಗೇ ಹಿಮ ಕಟ್ಟುತ್ತದೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ
ಏಳು ಬಿಸಿನೆಸ್ ಸ್ಕೂಲು. ಎರಡರ ಮೇಲೆ ಗೀಟು.
ಒಂದು, ಅರ್ಜಿ ಶುಲ್ಕ ಕೇಳಿ ತಮ್ಮ ತೆಮುಗೆ ಎಳೆದದ್ದು;
ಇನ್ನೊಂದು ನಾನೇ,
ಅಲ್ಲಿ ಓದಿದವರ ಫೋಟೋಗಳಲ್ಲಿ ಹಲ್ಲು ನೋಡಿ.

ಬೋಸ್ಟನ್ನಿನದು ಕನಸಿನ ಸಾಲಿಗೆ,
ಪ್ಯಾರಿಸ್ ಪಕ್ಕದ್ದು, ಆದರೂ ಆದೀತು,
ಹಾಂಗ್‌ಕಾಂಗಿನದು ಕೈಬಿಡಲಾರದು.
ಹೀಗೆ ವಿಂಗಡಿಸುವುದು ನನಗೇನು ಹೊಸತಲ್ಲ.
ಕಾರ್ಖಾನೆಯಲ್ಲಿ ಆರು ವರ್ಷ ಮಾಡಿದ್ದೇ ಅದು:
ಮೇಕೆಯ ಒಳತುಪ್ಪಳ ಬೇರೆ, ಒರಟು ಕೂದಲು ಬೇರೆ,
ಹದಿನೈದೂವರೆ ಮೈಕ್ರಾನ್ ಮಿಲಾನಿಗೆ,
ಹದಿನೇಳು ದಾಟಿದರೆ ಇಲ್ಲೇ, ಕಾಲುಚೀಲಕ್ಕೆ.

ಮೊದಲ ಸುತ್ತು ಸೆಪ್ಟೆಂಬರಿನಲ್ಲೇ ಹೋಯಿತು,
ಆಗ ಜಿಮ್ಯಾಟಿನಲ್ಲಿ ಮೂವತ್ತು ಅಂಕ ಸಾಲದಿತ್ತು.
ಎರಡನೆಯದಕ್ಕೆ ಜನವರಿ ಐದು.
ಮೂರನೆಯದು, ಕೇಳಿದವರೆಲ್ಲ ಹೇಳಿದ್ದು,
ಎಲೆ ಎತ್ತಿದ ಮೇಲೆ ಪಂಕ್ತಿಗೆ ಬಂದವರಿಗೆ.

ಶಿಫಾರಸಿಗೆ ಮ್ಯಾನೇಜರ್ ಬತ್‌ಮಗ್ನಾಯ್ ಹತ್ತಿರ ಹೋದೆ.
"ನೀನೇ ಬರೆದು ತಾ, ಸಹಿ ಹಾಕುತ್ತೇನೆ,
ಹೊಗಳುವುದರಲ್ಲಿ ಜಿಪುಣತನ ಬೇಡ" ಅಂದರು.
ಬರೆದೆ. ಮೂರನೇ ಸಾಲಿಗೆ ನಾಚಿಕೆಯಾಯಿತು.
ನಾಲ್ಕನೇ ಸಾಲಿಗೆ ಅಭ್ಯಾಸವಾಯಿತು.

ಉಳಿದದ್ದು ಒಂದು ಪ್ರಬಂಧ, ಐನೂರು ಪದ:
ನಿಮ್ಮ ಒಂದು ಸೋಲಿನ ಬಗ್ಗೆ ಬರೆಯಿರಿ.
ಸೋಲೂ ಹದವಾಗಿ ಬೆಂದಿರಬೇಕು ಅವರಿಗೆ,
ಹಸಿಯಿದ್ದರೆ ತಿನ್ನರು, ಸೀದರೆ ಮುಟ್ಟರು.
ತಪ್ಪು ಚೀಟಿ ಅಂಟಿದ ನಲವತ್ತು ಕಿಲೋ,
ಮಿಲಾನಿನಿಂದ ಮರಳಿ ಬಂದ ಮೂಟೆ,
ಆಮೇಲೆ ನಾನು ತಂದ ಹೊಸ ಪದ್ಧತಿ,
ಶೇಕಡಾ ಹನ್ನೊಂದು ಇಳಿದ ನಷ್ಟ,
ಎಳೆ ಎಳೆಯಾಗಿ ಬಿಡಿಸಿಟ್ಟೆ ಎಲ್ಲವನ್ನೂ,
ಒಂದೆಳೆ ಬಿಟ್ಟು.

ತೆಮುಗೆ ಓದಿದ. "ಚೆನ್ನಾಗಿದೆ" ಅಂದ,
"ಆದರೆ ಇದರಲ್ಲಿ ಸೋತವರು ಯಾರು?"

ಚೀಟಿ ಬರೆದದ್ದು ನಾನು.
ಸಂಬಳ ಕಡಿದದ್ದು ದುಲಮ್‌ಜಾವ್‌ಳದು.
ಇಪ್ಪತ್ತೆಂಟು ವರ್ಷ ವಿಂಗಡಿಸಿದ ಬೆರಳು ಅವಳದು,
ಕಣ್ಣು ಮುಚ್ಚಿ ಉಜ್ಜಿ "ಗೋಬಿಯದು, ಎರಡು ವರ್ಷದ ಮೇಕೆ" ಅನ್ನುವಳು.
ಆ ದಿನ ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.
ನಾನೂ ಅನ್ನಲಿಲ್ಲ.
ಯಂತ್ರಗಳು ಎಂದಿನಂತೆ ಬಾಚುತ್ತಿದ್ದವು.

ಅವಳು ಕಳೆದುಕೊಂಡದ್ದು ಮೂರು ಲಕ್ಷ ತುಗ್ರಿಕ್.
ಒಂದು ಶಾಲೆಯ ಶುಲ್ಕ ಅದರ ಎರಡರಷ್ಟು.
ಬೆಳಿಗ್ಗೆ ಫ್ರಿಜ್ಜಿನ ಮೇಲೆ ಮೂರನೇ ಗೀಟು ಬಿತ್ತು,
ಬೋಸ್ಟನ್ನಿಗೆ ಅಲ್ಲ, ಅಷ್ಟು ದೊಡ್ಡವಳಲ್ಲ ನಾನು.

ಗುಡ್ಡದ ಮೇಲಿನ ಗೆರ್ ಡೇರೆ. ಕಲ್ಲಿದ್ದಲ ಹೊಗೆ.
ಉಪ್ಪುಚಹಾ ಬಗ್ಗಿಸಿದಳು. ನೋಟು ಎಣಿಸಿದಳು.
ಮೂರು ಲಕ್ಷ ಇಟ್ಟುಕೊಂಡು ಮಿಕ್ಕದ್ದು ನನ್ನತ್ತ ಸರಿಸಿದಳು.
"ಅವತ್ತೇ ಗೊತ್ತಿತ್ತು. ನಡುವೆ ಗೆರೆ ಎಳೆದು
ಏಳು ಬರೆಯುವವಳು ನೀನೊಬ್ಬಳೇ."

ಕ್ಷಮಿಸಿದೆ ಅನ್ನಲಿಲ್ಲ, ನಾನು ಕೇಳಲೂ ಇಲ್ಲ.
ಏಳುವಾಗ ನನ್ನ ಶಾಲಿನ ತುದಿ ಹಿಡಿದಳು,
ಕಾರ್ಖಾನೆ ಬಹುಮಾನ ಕೊಟ್ಟದ್ದು, ಹದಿನೈದೂವರೆ ಎಂದು.
ಎರಡು ಬೆರಳಲ್ಲಿ ಉಜ್ಜಿ ನಕ್ಕಳು:
"ಹದಿನಾರೂವರೆ. ಯಾರು ಹೇಳಿದರು ನಿನಗೆ?"

ಇಳಿಜಾರಿನ ಬಸ್ಸಿನಲ್ಲಿ, ಹೆಪ್ಪುಗಟ್ಟಿದ ಗಾಜಿಗೆ ತಲೆಯಾನಿಸಿ,
ನಿಲ್ದಾಣ ಬರುವ ಮೊದಲೇ
ಇದನ್ನೂ ಪ್ರಬಂಧ ಮಾಡತೊಡಗಿದ್ದೆ:
ಅವಳ ಬೆರಳು ಮೊದಲ ಪ್ಯಾರಾಕ್ಕೆ,
ಚಹಾದ ಉಪ್ಪು ಕೊನೆಗೆ.
ಆರುನೂರ ಹನ್ನೆರಡು ಪದವಾಯಿತು.
ನೂರ ಹನ್ನೆರಡು ತೆಗೆಯಬೇಕು, ಇನ್ನು ಹದಿನೇಳು ದಿನ.