ಪ್ರಶ್ನೆ ಹದಿನೇಳು

ಮೀನುಗಾರನ ಬಳಿ ಐದು ಬೋನು,
ಬೋನಿಗೆ ಹನ್ನೆರಡು ಲಾಬ್‌ಸ್ಟರ್. ಮನೆಗೆ ತಂದದ್ದೆಷ್ಟು?

ಮೇಯ್ನ್ ಕರಾವಳಿಯ ಜೋನ್ಸ್‌ಪೋರ್ಟಿನಲ್ಲಿ
ವೆಂಡೆಲ್ ಬೀಲ್ ಕೈ ಎತ್ತಿದ:
"ಇದು ಯಾವ ತಿಂಗಳು, ಟೀಚರ್?
ಮೊಟ್ಟೆ ಹೊತ್ತವು ಎಷ್ಟು?
ಅವಕ್ಕೆ ಬಾಲದಲ್ಲೊಂದು ಕಚ್ಚು ಹಾಕಿ
ಕಡಲಿಗೇ ಬಿಡಬೇಕು, ಗೊತ್ತಲ್ಲ?"

ಗೊತ್ತು. ನನ್ನಪ್ಪನೂ ಬಿಡುತ್ತಿದ್ದ.
ಆದರೆ ಕೈಲಿರುವ ಸೂಚನೆಯ ಹಾಳೆಯಲ್ಲಿ
ದಪ್ಪ ಅಕ್ಷರದ್ದನ್ನಷ್ಟೇ ನಾನು ಓದಬಹುದು:
"ನಿನಗೆ ಸರಿಯೆನಿಸಿದ್ದನ್ನು ಆರಿಸು."

ಆರಿಸಿದ.
ನಾಲ್ಕು ಸೊನ್ನೆಗಳನ್ನೂ ಬರಿದೇ ಬಿಟ್ಟು
ಅಂಚಿನಲ್ಲಿ ಐದನೆಯದೊಂದು ಬರೆದು
ಒತ್ತಿ ಒತ್ತಿ ಕಪ್ಪು ತುಂಬಿದ,
ಸೀಸದ ಮೊನೆ ಮುರಿಯುವವರೆಗೆ.

ಯಂತ್ರಕ್ಕೆ ಅಂಚು ಕಾಣುವುದಿಲ್ಲ.
ಜೂನಿನಲ್ಲಿ ಅವನ ಹೆಸರಿನೆದುರು ಬಂತು:
ಗುಣಾಕಾರ ಬಾರದು.

ಶನಿವಾರ ದೋಣಿಕಟ್ಟೆಯಲ್ಲಿ
ನನಗೆ ಮೂರು ಲಾಬ್‌ಸ್ಟರ್ ತೂಗಿ
ಬಾಯಿಲೆಕ್ಕದಲ್ಲೇ ಚಿಲ್ಲರೆ ಕೊಟ್ಟ,
ತಲೆ ಎತ್ತದೆ.