ಕಾಲಡಿಯ ಚುಕ್ಕಿ

ಇಬಾದಾನಿನ ಹೆರಿಗೆ ಆಸ್ಪತ್ರೆಯ ದಾಖಲೆ ಕೋಣೆ.
ಹೊರಗೆ ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.
ಕಿಟಕಿಯಾಚೆ ಅಕಾರಾ ಕರಿಯುವ ಎಣ್ಣೆಯ ಸದ್ದು,
ಒಳಗೆ ನಾನು, ಅರವತ್ತು ವರ್ಷದ ಹೆರಿಗೆಗಳು,
ಎದುರಿಗೆ ಕೈಚೀಲ ಅಪ್ಪಿ ಕೂತ ಫೆಹಿಂತೊಲಾ.

ಹುಟ್ಟಿದ್ದಕ್ಕೆ ಪುರಾವೆ ಬೇಕಂತೆ ಪಿಂಚಣಿಯವರಿಗೆ.
"ಹುಟ್ಟದೆಯೇ ಮೂವತ್ತೊಂದು ವರ್ಷ ಪಾಠ ಹೇಳಿದೆನೇ?"
ಎಂದಳಂತೆ. ಅದಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ.

ನಮ್ಮಲ್ಲಿ ಮಗುವಿಗೆ ಹೆಸರು ಎಂಟನೆಯ ದಿನಕ್ಕೆ.
ಹೆತ್ತ ದಿನದ ಪುಸ್ತಕದಲ್ಲಿರುವುದು ಹೆತ್ತವಳು ಮಾತ್ರ.
ಹಾಗಾಗಿ ತಾಯಿಯನ್ನು ಹುಡುಕಬೇಕು: ಮೊರೆನಿಕೆ.
ಅಂದರೆ, ಮುದ್ದಿಸಲು ಒಬ್ಬಳು ಸಿಕ್ಕಳು ನನಗೆ.
ಒತ್ತಿದೆ. ಶೋಧಕ ಹೇಳಿತು: ಸಿಗಲಿಲ್ಲ.

ಆ ಮಾತಿನ ಮೇಲಿನ ಸಾಲಿನಲ್ಲೇ
ಕೂತಿದ್ದಾಳೆ ಒಬ್ಬ ಮೊರೆನಿಕೆ, ಎಪ್ಪತ್ತೊಂದರವಳು,
ಚುಕ್ಕಿಗೆ ಚುಕ್ಕಿ, ಗೀಟಿಗೆ ಗೀಟು ಸರಿಯಾಗಿ,
ಒಳಗಿದ್ದುಕೊಂಡೇ ಮನೆಯಲ್ಲಿಲ್ಲ ಅನ್ನಿಸಿದವಳ ಹಾಗೆ.

ನಮ್ಮ ಅಕ್ಷರಕ್ಕೆ ಕಾಲಡಿಗೊಂದು ಚುಕ್ಕಿ, ತಲೆಗೊಂದು ಗೀಟು.
ಚುಕ್ಕಿ ಬಾಯಿ ತೆರೆಸುತ್ತದೆ, ಗೀಟು ದನಿ ಏರಿಸುತ್ತದೆ.
ಈ ಪುಸ್ತಕಗಳನ್ನು ಟೈಪು ಮಾಡಿದವರು ಮೂವರು.
ಒಬ್ಬ, ಚುಕ್ಕಿಯಿದ್ದ ಅಕ್ಷರ ತಂದು ಗೀಟು ಹೊದಿಸಿದ.
ಒಬ್ಬಳು, ಬರಿಗಾಲಲ್ಲಿ ನಿಲ್ಲಿಸಿ ಒಂದೊಂದೇ ತೊಡಿಸಿದಳು.
ಇನ್ನೊಬ್ಬ, ಗೀಟಿನದನ್ನೇ ತಂದು ಕಡೆಗೆ ಚುಕ್ಕಿಯಿಟ್ಟ.
ಕಣ್ಣಿಗೆ ಮೂರೂ ಒಂದೇ ಮುಖ.
ಶೋಧಕಕ್ಕೆ ಕಣ್ಣಿಲ್ಲ; ಅದು ಎಣಿಸುತ್ತದೆ.

ಅದಕ್ಕೂ ಒಂದು ಚುಕ್ಕಿಯಿದೆ, ತನ್ನದೇ:
ಚುಕ್ಕಿಯೆಂದರೆ ಯಾವುದಾದರೂ ಒಂದು ಅಕ್ಷರ.
ಒಂದು ಎಂದರೆ ಎಷ್ಟು?
ಮುಂಡವನ್ನು ನುಂಗಿ ಗೀಟನ್ನು ತಟ್ಟೆಯಂಚಿಗೆ ಬಿಟ್ಟಿತು
ಮೀನಿನ ಮುಳ್ಳಿನ ಹಾಗೆ.
ಚೌಕ ಕಂಸದೊಳಗೆ ಒಬ್ಬಳನ್ನೇ ಕೂರಿಸಿದೆ.
ಇಬ್ಬರಿದ್ದಾರೆ, ಯಾರಾದರೊಬ್ಬರು ಸಾಕು, ಎಂದಿತು.

ಮೂಲೆಯಲ್ಲಿ ಶೊವಾಂಡೆ ಅಜ್ಜ. ಅಚ್ಚುಕೂಟದವರು,
ಸೀಸದ ಚುಕ್ಕಿಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ
ಬೆರಳ ತುದಿ ಇನ್ನೂ ಬೂದು.
"ಎಲ್ಲ ಬೋಳಿಸಿಬಿಡೋಣ ಅಜ್ಜ, ಸಿಗುತ್ತಾಳೆ," ಎಂದೆ.
ಕನ್ನಡಕ ತೆಗೆದರು. ಅದೇ ಅವರ ಸಿಟ್ಟು.
"ಬೋಳಿಸಿದರೆ ಗಂಡ, ಗುದ್ದಲಿ, ಲಾರಿ, ಭರ್ಜಿ
ನಾಲ್ಕಕ್ಕೂ ಒಂದೇ ಕಾಗುಣಿತ.
ಗಂಡನನ್ನು ಕೇಳಿ ಬಂದವಳ ಕೈಗೆ
ಗುದ್ದಲಿ ಕೊಟ್ಟು ಕಳಿಸುತ್ತೀಯಾ?"

ಸರಿ. ಮೂವರ ಬರಹವನ್ನೂ ಒಂದೇ ಕ್ರಮಕ್ಕೆ ತಂದೆ:
ಅಕ್ಷರ, ಆಮೇಲೆ ಕಾಲಿನದು, ಆಮೇಲೆ ತಲೆಯದು.
ಹುಡುಕುವ ಪದಕ್ಕೂ ಅದೇ ಶಿಸ್ತು.
ಶೋಧಕದ ಚುಕ್ಕಿಗೆ ತಿಳಿಹೇಳಿದೆ:
ಮುಂಡ, ಮುಡಿ, ಮೆಟ್ಟು ಸೇರಿಯೇ ಒಂದು.
ಎದ್ದು ಬಂದರು ನಾಲ್ವರು ಮೊರೆನಿಕೆಯರು.
ನಾಲ್ವರೂ ಫೆಹಿಂತೊಲಾಳ ಅಮ್ಮನಲ್ಲ.

ಅರವತ್ತಮೂರರ ನರ್ಸಮ್ಮ, ಬೆಳಗಿನ ಜಾವ,
ಲಾಂದ್ರದ ಬೆಳಕು, ಕೈಗಂಟಿದ ನೆತ್ತರು;
ಚುಕ್ಕಿ ಇಡಲು ಅವಳಿಗೆಲ್ಲಿ ಪುರುಸೊತ್ತು.
ಅಜ್ಜ ಬಹಳ ಹೊತ್ತು ಸುಮ್ಮನಿದ್ದು
"ಬೋಳಿಸು," ಎಂದರು. "ಮೂಲವನ್ನಲ್ಲ. ಅದರ ನೆರಳನ್ನು."

ಏಳು ಹೆಸರು. ಒಂದೊಂದೇ ಓದಿದೆ.
ಐದನೆಯವಳು ಬಟ್ಟೆಗೆ ನೀಲಿ ಅದ್ದುವವಳು.
ಗಂಡನ ಕಲಮಿನಲ್ಲಿ ಹೆಸರಿಲ್ಲ, ಒಂದೇ ಪದ,
ಬೋಳು: ಒಕೊ.
ಗಂಡನೋ, ಗುದ್ದಲಿಯೋ?

ಫೆಹಿಂತೊಲಾ ಬಗ್ಗಿ ನೋಡಿ ಓದಿದಳು,
ಮೊದಲು ಸಮದನಿ, ಆಮೇಲೆ ಇಳಿದನಿ:
"ಲಾರಿ! ಅಪ್ಪ ಕಾನೋಗೆ ಕೋಲಾ ಹೊಡೆಯುತ್ತಿದ್ದ.
ಗಂಡ ಯಾವುದು ಲಾರಿ ಯಾವುದು
ಅಂತ ಅಮ್ಮನಿಗೇ ಗೊಂದಲವಿತ್ತು."
ಎಷ್ಟು ನಕ್ಕಳೆಂದರೆ ಅಕಾರಾದವಳು ಇಣುಕಿದಳು.

ಪ್ರತಿ ತೆಗೆದು ಕೊಟ್ಟೆ. ಪೆನ್ನು ಕೇಳಿದಳು.
ತಾಯಿಯ ಹೆಸರಿಗೆ ನಿಧಾನವಾಗಿ
ಕಾಲಡಿಗೆ ಎರಡು ಚುಕ್ಕಿ, ಮೇಲೆ ಮೂರು ಗೀಟು.
"ತಿದ್ದಿದ ಪ್ರತಿಯನ್ನು ಪಿಂಚಣಿಯವರು ಒಪ್ಪಲ್ಲ," ಎಂದೆ.

"ಗೊತ್ತು. ಇನ್ನೊಂದು ಕೊಡು."